ಒಂದು ಬಂದೂಕು, ಎಷ್ಟು ಕೈ?

(ಕಾರ್ಮಿಕರ ಭಾನುವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಆಯುಧಪೂಜೆಯ ದಿನ ನಾವು ಮಗ್ಗಕ್ಕೂ ತಕ್ಕಡಿಗೂ ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಉಳಿದ ದಿನಗಳಲ್ಲಿ ಆ ಸಾಮಾನನ್ನು ಮಾಡಿದವನು ಯಾರು, ಅವನಿಗೆ ಸಿಕ್ಕ ಕೂಲಿ ಎಷ್ಟು, ಅವನ ವಿದ್ಯೆ ಏನಾಯಿತು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಇಂದು ಅದನ್ನೇ ಕೇಳಬೇಕೆಂದು ಹೊರಟಿದ್ದೇವೆ. ಅದಕ್ಕೆ ಎತ್ತಿಕೊಂಡ ವಸ್ತು ನಿಮಗೆ ವಿಚಿತ್ರವಾಗಿ ಕಾಣಬಹುದು: ಅಮೆರಿಕದ ಪೆನ್ಸಿಲ್ವೇನಿಯಾ ಸೀಮೆಯಲ್ಲಿ 18ನೆಯ ಶತಮಾನದಲ್ಲಿ ಕೈಯಿಂದ ಮಾಡುತ್ತಿದ್ದ ಚಿತ್ತಾರದ ಚಕಮಕಿ ಬಂದೂಕು. ಗಿರಣಿಯವರಿಗೂ ಅಂಗಡಿಯವರಿಗೂ ಬಂದೂಕಿನ ಮಾತೇಕೆ ಎಂದು ಹಿಂದಿನ ಸಾಲಿನವರು ನಗುತ್ತಿದ್ದಾರೆ. ಸ್ವಲ್ಪ ತಾಳಿ, ಗಡಿಯಾರದ ಮಾತು ಬಂದಾಗ ನಗು ನಿಲ್ಲುತ್ತದೆ.

ಇದನ್ನು ಮಾಡಿದವರು ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಗಳಿಂದ ಹೊಟ್ಟೆಪಾಡಿಗಾಗಿ, ಕೆಲವರು ಮತದ ಕಿರುಕುಳ ತಾಳಲಾರದೆ, ಹಡಗು ಹತ್ತಿ ಬಂದ ಕಸಬುದಾರರು. ಲ್ಯಾಂಕಾಸ್ಟರ್, ಬೆಥ್ಲೆಹೆಮ್, ನಜರೆತ್ ಎಂಬ ಊರುಗಳ ಸುತ್ತ ಅವರ ಕುಲುಮೆಗಳಿದ್ದವು. ತಾಯ್ನಾಡಿನಲ್ಲಿ ಅವರು ಮಾಡುತ್ತಿದ್ದುದು ಗಿಡ್ಡನೆಯ, ದಪ್ಪ ನಳಿಗೆಯ ಬೇಟೆ ಬಂದೂಕು. ಹೊಸ ನೆಲದಲ್ಲಿ ಮದ್ದು, ಸೀಸ ಎರಡೂ ದುಬಾರಿ. ತಿಂಗಳುಗಟ್ಟಲೆ ಕಾಡಿನಲ್ಲಿ ಅಲೆಯುವವನು ಅವನ್ನು ಹೊತ್ತೇ ತಿರುಗಬೇಕು. ಆದುದರಿಂದ ನಳಿಗೆಯ ತೂತು ಕಿರಿದಾಯಿತು, ನಳಿಗೆ ಮೂರೂವರೆ ಅಡಿಗೂ ಮಿಕ್ಕಿ ಉದ್ದವಾಯಿತು. ಯಾವ ಅರಸನ ಅಪ್ಪಣೆಯಿಂದಲೂ ಅಲ್ಲ. ಕೊಳ್ಳುವವನ ಕಷ್ಟ ಮಾಡುವವನ ಕಿವಿಗೆ ನೇರವಾಗಿ ಬೀಳುತ್ತಿದ್ದುದರಿಂದ.

ನಳಿಗೆಯ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ನೋಡಿರಿ. ಮೊದಲು ಕಬ್ಬಿಣದ ಒಂದು ಉದ್ದನೆಯ ಪಟ್ಟಿ. ಅದನ್ನು ಬೆಳ್ಳಗೆ ಕಾಯಿಸಿ, ಒಂದು ಕಬ್ಬಿಣದ ಸರಳಿನ ಸುತ್ತ ಮಡಿಸಿ, ಅಂಚಿಗೆ ಅಂಚು ಕೂಡಿಸಿ ಸುತ್ತಿಗೆಯಿಂದ ಬೆಸೆಯಬೇಕು. ಒಂದು ಸಲಕ್ಕೆ ಎರಡು ಮೂರು ಅಂಗುಲ, ಅಷ್ಟೆ. ಕಾವು ಕಡಿಮೆಯಾದರೆ ಬೆಸುಗೆ ಕೂಡದು, ಹೆಚ್ಚಾದರೆ ಕಬ್ಬಿಣ ಸುಟ್ಟುಹೋಗುತ್ತದೆ. ಇದನ್ನು ಅಳೆಯುವ ಯಂತ್ರವಿರಲಿಲ್ಲ; ಬೆಂಕಿಯ ಬಣ್ಣ ನೋಡುವ ಕಣ್ಣೇ ಅಳತೆ. ಒಳಗಿನ ಸರಳನ್ನು ತಡಮಾಡದೆ ಎಳೆದುಬಿಡಬೇಕು, ಇಲ್ಲವಾದರೆ ಅದೂ ಅಂಟಿಕೊಳ್ಳುತ್ತದೆ. ತಿದಿ ಒತ್ತಲು, ಸುತ್ತಿಗೆ ಎತ್ತಲು ಇನ್ನೊಬ್ಬರು ಬೇಕೇಬೇಕು. ಆಮೇಲೆ ಬೈರಿಗೆಯಿಂದ ಒಳಗನ್ನು ಹಂತ ಹಂತವಾಗಿ ಕೊರೆದು ಸಮಮಾಡುವುದು. ನಳಿಗೆ ನೆಟ್ಟಗಿದೆಯೆ ಎಂದು ತಿಳಿಯಲು ಅದರೊಳಗೆ ಒಂದು ನೂಲೆಳೆಯನ್ನು ಬಿಗಿದು ಕಟ್ಟಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಲ್ಲಿ ಡೊಂಕೋ ಅಲ್ಲಿ ಒಂದು ಪೆಟ್ಟು. ಹೊರಮೈಯನ್ನು ಅರದಿಂದ ಉಜ್ಜಿ ಎಂಟು ಮೂಲೆ ಮಾಡುವುದು. ಅರ ಹಿಡಿದು ಬಲ್ಲವರು ಇಲ್ಲಿದ್ದೀರಿ, ಮೂರೂವರೆ ಅಡಿ ಉದ್ದದ ಎಂಟು ಮುಖಗಳನ್ನು ಕೈಯಿಂದ ಸಮತಟ್ಟು ಮಾಡುವುದೆಂದರೇನು ಎಂದು ನಾವು ನಿಮಗೆ ಹೇಳಬೇಕಾಗಿಲ್ಲ.

ಇಷ್ಟಾದರೂ ಅದು ಇನ್ನೂ ಬರಿಯ ಕೊಳವೆ. ಒಳಗೆ ಸುರುಳಿಗೆರೆ ಕೊರೆದಾಗಲೇ ಅದಕ್ಕೆ ಗುರಿ ಬರುವುದು. ಸುತ್ತುತ್ತಿರುವಷ್ಟು ಕಾಲ ಬುಗುರಿ ಬೀಳುವುದಿಲ್ಲವಲ್ಲ, ಹಾಗೆಯೇ ತಿರುಗುತ್ತ ಹೊರಟ ಗುಂಡು ದಾರಿ ತಪ್ಪುವುದಿಲ್ಲ. ಈ ಗೆರೆ ಕೊರೆಯುವ ಸಾಧನ ಹೆಚ್ಚುಕಡಿಮೆ ಪೂರ್ತಿ ಮರದ್ದು. ದಪ್ಪನೆಯ ಮರದ ಉರುಳೆ, ಅದರ ಮೈಮೇಲೆ ಸುರುಳಿಯಾಗಿ ಕೊರೆದ ಕಾಲುವೆ, ಅದಕ್ಕೆ ಸೇರಿಸಿದ ಒಂದು ಕೋಲು, ಕೋಲಿನ ತುದಿಯಲ್ಲಿ ಗರಗಸದ ಹಲ್ಲಿನಂಥ ಚಿಕ್ಕ ಉಕ್ಕು. ಉರುಳೆಯನ್ನು ಎಳೆದರೆ ಅದು ತಿರುಗುತ್ತ ಬರುತ್ತದೆ, ಉಕ್ಕಿನ ಹಲ್ಲು ನಳಿಗೆಯೊಳಗೆ ಅದೇ ಸುರುಳಿಯನ್ನು ಗೀರುತ್ತದೆ. ಒಂದೆಳೆತಕ್ಕೆ ಏಳುವುದು ಕೂದಲೆಳೆಯಷ್ಟು ಪುಡಿ. ಹಲ್ಲು ಮುಟ್ಟದಾದಾಗ ಅದರ ಕೆಳಗೆ ಒಂದು ಚೂರು ಕಾಗದ ಸಿಕ್ಕಿಸಿ ಮತ್ತೆ ಎಳೆಯುವುದು. ಹೀಗೆ ಏಳೆಂಟು ಗೆರೆಗಳು. ಕಾಗದದ ದಪ್ಪವೇ ಅವರ ಅಳತೆಗೋಲು!

ಬೆಂಕಿ ಹೊತ್ತಿಸುವ ಬೀಗದ ಕೆಲಸ ಬೇರೆಯೇ ವಿದ್ಯೆ. ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು. ಕಮಾನು ಬಿಟ್ಟೊಡನೆ ಕಲ್ಲು ಹೋಗಿ ಉಕ್ಕಿನ ಮೊಗಕ್ಕೆ ಬಡಿಯುತ್ತದೆ. ಕಿಡಿ ಕಲ್ಲಿನದೆಂದು ನಾವೆಲ್ಲ ತಿಳಿದಿರುತ್ತೇವೆ, ಅದು ಉಕ್ಕಿನದು. ಕಲ್ಲು ಉಕ್ಕನ್ನು ಕೆತ್ತಿ ಎಬ್ಬಿಸಿದ ಚೂರುಗಳೇ ಉರಿಯುತ್ತ ಕೆಳಗಿನ ಬಟ್ಟಲಿಗೆ ಬೀಳುತ್ತವೆ, ಬಟ್ಟಲಲ್ಲಿದ್ದ ರಂಜಕ ಹೊತ್ತಿ, ಚಿಕ್ಕ ತೂತಿನ ಮೂಲಕ ಬೆಂಕಿ ಒಳಗಿನ ಮದ್ದಿಗೆ ತಗಲುತ್ತದೆ. ಕಮಾನಿಗೆ ಹದ ಕೊಡುವುದು ತಪ್ಪಿದರೆ ಮುರಿಯುತ್ತದೆ ಅಥವಾ ಸೋಲುತ್ತದೆ. ಎಷ್ಟೋ ಕುಲುಮೆಗಳಲ್ಲಿ ಈ ಬೀಗವನ್ನು ತಾವೇ ಮಾಡದೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ತರಿಸುತ್ತಿದ್ದರು. ಅಂದಮೇಲೆ ಕೈಕಸಬಿನ ಸುವರ್ಣಯುಗವೆಂದು ಯಾರೂ ಕಣ್ಣು ಒರಸಿಕೊಳ್ಳಬೇಕಾಗಿಲ್ಲ. ಅಂದೂ ಪೇಟೆಯಿತ್ತು, ಸಾಲವಿತ್ತು. ಹೊಸ ಬಂದೂಕಿಗಿಂತ ಹಳೆಯದರ ರಿಪೇರಿಯಿಂದಲೇ ಹೆಚ್ಚು ಮನೆಗಳ ಒಲೆ ಉರಿಯುತ್ತಿತ್ತು. ಇನ್ನು ಕಲಿಯಲು ಬಂದ ಹುಡುಗನೋ, ವರ್ಷಗಟ್ಟಲೆ ಒಪ್ಪಂದಕ್ಕೆ ಕಟ್ಟುಬಿದ್ದು, ಅನ್ನಬಟ್ಟೆಗೆ ದುಡಿಯಬೇಕು.

ಮರ ಮೇಪಲ್. ಅದರಲ್ಲೂ ನಾರು ಅಲೆಯಲೆಯಾಗಿ ಓಡಿದ ಮರವನ್ನೇ ಆರಿಸುತ್ತಿದ್ದರು. ಕಬ್ಬಿಣದ ಚೂರನ್ನು ಆಮ್ಲದಲ್ಲಿ ಕರಗಿಸಿ ಆ ನೀರನ್ನು ಮರಕ್ಕೆ ಬಳಿದು ಕಾವು ತೋರಿಸಿದರೆ ಬಿಳಿಯ ಮರ ಕೆಂಗಂದಾಗಿ, ಅಡಗಿದ್ದ ಪಟ್ಟೆಗಳು ಹುಲಿಯ ಮೈಯಂತೆ ಎದ್ದು ಕಾಣುತ್ತವೆ. ಮೇಲೆ ಅಗಸೆ ಎಣ್ಣೆ. ಬುಡದ ಪಕ್ಕದಲ್ಲಿ ಒಂದು ಚಿಕ್ಕ ಗೂಡು. ಗುಂಡಿಗೆ ಸುತ್ತುವ, ಕೊಬ್ಬು ಸವರಿದ ಬಟ್ಟೆಚೂರು ಇಡುವುದಕ್ಕೆ. ಮೊದಮೊದಲು ಆ ಗೂಡಿಗೆ ಜಾರುವ ಮರದ ಮುಚ್ಚಳವಿತ್ತು. ಮುಂದೆ ಅದೇ ಕೆತ್ತನೆಯ ಹಿತ್ತಾಳೆ ಬಾಗಿಲಾಯಿತು. ಬೆಳ್ಳಿಯ ನಾಣ್ಯ ತಟ್ಟಿ ಹೂವು, ನಕ್ಷತ್ರ, ಚಂದ್ರ ಕತ್ತರಿಸಿ ಕೂಡಿಸಿದರು. ರೈತನ ಮನೆಯ ಗೋಡೆಗೆ ತೂಗುವ ಸಾಮಾನಿಗೆ ಇಷ್ಟು ಅಲಂಕಾರವೇಕೆ? ಗಿರಾಕಿಯನ್ನು ಎಳೆಯುವುದಕ್ಕೂ ಹೌದು, ಪಕ್ಕದ ಊರಿನಲ್ಲಿ ಇನ್ನೊಬ್ಬ ಕಸಬುದಾರನಿದ್ದನಲ್ಲ. ಇಲ್ಲಿನ ವ್ಯಾಪಾರಿ ಮಿತ್ರರು ಇದನ್ನು ಬಲ್ಲರು. ಆದರೆ ಅಷ್ಟೇ ಅಲ್ಲವೆಂದು ನಮ್ಮ ಎಣಿಕೆ. ತನ್ನ ಕೆಲಸದ ಮೇಲೆ ಒಡೆತನವಿದ್ದವನಿಗೆ ಕೆಲಸ ಮುಗಿದ ಮೇಲೂ ಕೈ ಸುಮ್ಮನಿರುವುದಿಲ್ಲ.

ಹುಲಿಪಟ್ಟೆಯ ಮಾತು ಬಂತು. ಟಿಪ್ಪುವಿನ ಕಾಲದಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿಯೂ ಚಕಮಕಿ ಬಂದೂಕುಗಳಾದವು, ಹುಲಿಯ ಗುರುತು ಹೊತ್ತವು. 1799ರ ಲೂಟಿಯಲ್ಲಿ ಸಿಕ್ಕವು ಇಂಗ್ಲೆಂಡಿನ ಅರಮನೆಗಳನ್ನು ಸೇರಿದವು. ಕೆಲವುಗಳ ಮೇಲೆ ಮಾಡಿದವನ ಹೆಸರೂ ಇದೆ. ಸುಲ್ತಾನನ ಹೆಸರು ನಮ್ಮ ಮಕ್ಕಳಿಗೂ ಬಾಯಿಪಾಠ. ಆ ಕೈಗಳ ಹೆಸರು ಎಷ್ಟು ಮಂದಿಗೆ ಗೊತ್ತು?

ಪೆನ್ಸಿಲ್ವೇನಿಯಾದಲ್ಲಿ ಒಂದು ಪ್ರಯೋಗ ನಡೆದಿತ್ತು. ಮೊರೇವಿಯನ್ ಪಂಥದವರು ಬೆಥ್ಲೆಹೆಮಿನಲ್ಲಿ 1742ರಿಂದ 1762ರ ವರೆಗೆ ಸರ್ವರ ದುಡಿಮೆಯನ್ನೂ ಒಂದೇ ಕಣಜಕ್ಕೆ ಹಾಕಿ, ಒಂದೇ ಅಡುಗೆಮನೆಯಿಂದ ಉಂಡರು. ಅವರದೇ ನೆಲೆಯಾದ ಕ್ರಿಶ್ಚಿಯನ್ಸ್‌ಬ್ರುನ್ನಿನ ಬಂದೂಕಿನ ಕುಲುಮೆಯಲ್ಲಿ ಆಂಡ್ರಿಯಾಸ್ ಆಲ್‌ಬ್ರೆಕ್ಟ್, ಅವನ ತರುವಾಯ ಶಿಷ್ಯ ಕ್ರಿಶ್ಚಿಯನ್ ಓರ್ಟರ್ ಕೆಲಸ ಮಾಡಿದರು. ಓರ್ಟರ್ ಹೆಸರು, ವರ್ಷ ಕೆತ್ತಿದ ಬಂದೂಕುಗಳು ಇಂದಿಗೂ ಉಳಿದಿವೆ. ಅದು ಚರ್ಚಿನ ಕಟ್ಟಳೆ, ನಮ್ಮ ಸಮಾಜವಾದವಲ್ಲ. ಆದರೂ ಹಂಚಿಕೊಂಡು ಉಣ್ಣುವವರಿಗೆ ಒಳ್ಳೆಯ ಕೆಲಸ ಬಾರದು ಎನ್ನುವ ಮಾಲಿಕರಿಗೆ ಓರ್ಟರನ ಬಂದೂಕು ತೋರಿಸಬಹುದು.

ಇದರ ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ನಾವು ಪ್ರಾಮಾಣಿಕರಾಗುವುದಿಲ್ಲ. ಆ ನೆಲ ಖಾಲಿ ಬಿದ್ದುದಲ್ಲ. 1763ರ ಡಿಸೆಂಬರಿನಲ್ಲಿ ಪ್ಯಾಕ್ಸ್‌ಟನ್ ಕಡೆಯ ವಲಸೆಗಾರರ ಗುಂಪು ಲ್ಯಾಂಕಾಸ್ಟರ್ ಸೀಮೆಯಲ್ಲಿ ಕಾನೆಸ್ಟೋಗಾ ಎಂಬ ಮೂಲನಿವಾಸಿಗಳನ್ನು ಕೊಂದಿತು. ಮೊದಲು ಆರು ಮಂದಿ, ಎರಡು ವಾರದೊಳಗೆ ಸರಕಾರದ ಆಶ್ರಯದಲ್ಲಿದ್ದ ಉಳಿದ ಹದಿನಾಲ್ಕು ಮಂದಿ, ಮಕ್ಕಳೂ ಸೇರಿ. ಬೆಳ್ಳಿಯ ನಕ್ಷತ್ರ ಕೂಡಿಸುತ್ತಿದ್ದ ಊರೂ ಇದೇ. ಕೈಯ ಚೆಲುವು ಕೈಯ ಪಾಪವನ್ನು ತೊಳೆಯುವುದಿಲ್ಲ.

ಈಗ ಯಂತ್ರಕ್ಕೆ ಬರೋಣ. ಕೈಯಿಂದ ಮಾಡಿದ ಎರಡು ಬೀಗಗಳು ಒಂದೇ ಸಮ ಇರವು. ಇದರ ತಿರುಪು ಅದಕ್ಕೆ ಕೂಡದು. ದಂಡಿಗೆ ಇದು ತಲೆನೋವು. ಫ್ರಾನ್ಸಿನಲ್ಲಿ ಆನೊರೆ ಬ್ಲಾಂ ಎಂಬವನು ಯಾವುದಕ್ಕೆ ಯಾವುದಾದರೂ ಕೂಡುವಂತೆ ಬಿಡಿಭಾಗ ಮಾಡಿದ್ದನ್ನು 1785ರಲ್ಲಿ ಜೆಫರ್ಸನ್ ಕಣ್ಣಾರೆ ಕಂಡು ತನ್ನ ದೇಶಕ್ಕೆ ಬರೆದ. 1798ರಲ್ಲಿ ಎಲಿ ವಿಟ್ನಿ 10,000 ಬಂದೂಕುಗಳನ್ನು ಎರಡು ವರ್ಷದಲ್ಲಿ ಕೊಡುವೆನೆಂದು ಗುತ್ತಿಗೆ ಹಿಡಿದ; ಮುಗಿಸಿದ್ದು 1809ರಲ್ಲಿ. ಗುತ್ತಿಗೆದಾರರ ಗುಣ ಎಲ್ಲ ದೇಶದಲ್ಲೂ ಒಂದೇ. ಈ ವಿಟ್ನಿಯೇ 1794ರಲ್ಲಿ ಹತ್ತಿ ಬಿಡಿಸುವ ಜಿನ್ನಿನ ಪೇಟೆಂಟು ಪಡೆದವನು. ಆ ಜಿನ್ನು ಬಂದ ಮೇಲೆ ಅಮೆರಿಕದ ದಕ್ಷಿಣದಲ್ಲಿ ಹತ್ತಿಯೂ ಹಬ್ಬಿತು, ನೀಗ್ರೋ ಜನರ ಗುಲಾಮಗಿರಿಯೂ ಹಬ್ಬಿತು. 1840ರ ದಶಕದಲ್ಲಿ ಅಮೆರಿಕದ ಹತ್ತಿಬೀಜವೂ ಗರಗಸದ ಜಿನ್ನೂ ನಮ್ಮ ಧಾರವಾಡ ಸೀಮೆಗೆ ಬಂದವು. ಗಿರಣಿಯ ಮಿತ್ರರೆ, ಈ ಕಥೆ ನಿಮ್ಮ ಮನೆಬಾಗಿಲಿಗೂ ಬಂತು ನೋಡಿ.

ನಿಜವಾಗಿ ಒಂದರ ಭಾಗ ಇನ್ನೊಂದಕ್ಕೆ ಕೂಡುವ ಬಂದೂಕು ಮಾಡಿದವನು ಜಾನ್ ಹಾಲ್, 1820ರ ದಶಕದಲ್ಲಿ, ಹಾರ್ಪರ್ಸ್ ಫೆರಿಯ ಸರಕಾರಿ ಕಾರ್ಖಾನೆಯಲ್ಲಿ. 1819ರ ಸುಮಾರಿಗೆ ಥಾಮಸ್ ಬ್ಲಾಂಚರ್ಡ್ ಬಂದೂಕಿನ ಮರವನ್ನು ತಾನೇ ಕೆತ್ತುವ ಯಂತ್ರ ಕಟ್ಟಿದ. ಮುಂದೆ ಹೊಲಿಗೆಯಂತ್ರ, ಸೈಕಲ್ಲು ಎಲ್ಲವೂ ಈ ಹಾದಿಯಲ್ಲೇ ಬಂದವು. ನಿಮ್ಮ ಸ್ಪಿಂಡಲ್ ಹಾಳಾದರೆ ಉಗ್ರಾಣದಿಂದ ಇನ್ನೊಂದು ತಂದು ಸಿಕ್ಕಿಸುತ್ತೀರಲ್ಲ, ಅದರ ಹಿಂದೆ ಇರುವುದು ಇದೇ. ನಾವು ಇದನ್ನು ಹಳಿಯುವವರಲ್ಲ. ಬಡವನ ಕೈಗೆ ಅಗ್ಗದ ಸಾಮಾನು ಸಿಕ್ಕಿದ್ದು ಸುಳ್ಳಲ್ಲ.

ಆದರೆ ಹಾರ್ಪರ್ಸ್ ಫೆರಿಯಲ್ಲಿ ಏನಾಯಿತು ಕೇಳಿ. ಅಲ್ಲಿನ ಕಸಬುದಾರರು ತುಂಡುಕೂಲಿಗೆ ದುಡಿಯುತ್ತಿದ್ದವರು. ಬೇಕಾದಾಗ ಬಂದು, ಕೆಲಸ ಮುಗಿದಾಗ ಹೋಗುವುದು ಅವರ ರೂಢಿ. ಶಿಸ್ತು ತರಲು ಹೊರಟ ಮೇಲಧಿಕಾರಿಯೊಬ್ಬನನ್ನು 1830ರಲ್ಲಿ ಒಬ್ಬ ಕೆಲಸಗಾರ ಗುಂಡಿಟ್ಟು ಕೊಂದ. ಅದೇ ವರ್ಷ ಗಲ್ಲಿಗೇರಿದ. ಇಂಥದನ್ನು ನಾವು ಮೆಚ್ಚುವುದಿಲ್ಲ, ಇದರಿಂದ ಒಂದು ಗಂಟೆಯ ಬಿಡುವೂ ಯಾರಿಗೂ ಸಿಗಲಿಲ್ಲ. ಮುಂದೆ ಕಾರ್ಖಾನೆ ಸೈನ್ಯಾಧಿಕಾರಿಗಳ ಕೈಗೆ ಹೋಯಿತು, ಗೋಡೆಗೆ ಗಡಿಯಾರ ಬಂತು, ಗಂಟೆ ಹೊಡೆದಾಗ ಒಳಗೆ, ಗಂಟೆ ಹೊಡೆದಾಗ ಹೊರಗೆ. 1842ರ ಮಾರ್ಚಿನಲ್ಲಿ ಕೆಲಸಗಾರರು ಕೆಲಸ ನಿಲ್ಲಿಸಿದರು. ದೋಣಿ ಬಾಡಿಗೆಗೆ ಹಿಡಿದು ಕಾಲುವೆಯ ಮೇಲೆ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಟೈಲರನನ್ನೇ ಕಂಡರು. ಯಂತ್ರದ ಜೊತೆಗೆ ನಮ್ಮನ್ನೂ ಯಂತ್ರ ಮಾಡಬೇಡಿ ಎಂಬುದೇ ಅವರ ಅಹವಾಲಿನ ತಿರುಳು. ಅಧ್ಯಕ್ಷನು ಸವಿಮಾತಾಡಿ, ಹಿಂದಿರುಗಿ ಸುತ್ತಿಗೆ ಹಿಡಿಯಿರಿ ಎಂದು ಕಳುಹಿಸಿದ. ಗಡಿಯಾರ ಗೋಡೆಯ ಮೇಲೇ ಉಳಿಯಿತು.

ಕೂಲಿ ಹೆಚ್ಚಿಸಿ ಎಂದು ಅವರು ಕೇಳಿರಲಿಲ್ಲ ಎಂಬುದನ್ನು ಗಮನಿಸಿ. ಕೇಳಿದ್ದು ಹೊತ್ತಿನ ಮೇಲಿನ ಒಡೆತನ. ಯಂತ್ರ ಬಂದಾಗ ಹಾಲನ ಜಾಣತನಕ್ಕೆ ಹೆಸರು ಸಿಕ್ಕಿತು, ಸರಕಾರಕ್ಕೆ ಬಂದೂಕು ಸಿಕ್ಕಿತು. ಬೆಂಕಿಯ ಬಣ್ಣ ನೋಡಿ ಹದ ತಿಳಿಯುತ್ತಿದ್ದ ಕಣ್ಣಿಗೆ ಏನು ಸಿಕ್ಕಿತು? ಲೋಹಿಯಾ ಅವರು ಚಿಕ್ಕ ಯಂತ್ರದ ಮಾತನ್ನು ಪಟ್ಟುಹಿಡಿದು ಆಡುತ್ತಿದ್ದಾಗ ಹಲವರು ಅದನ್ನು ಚರಕದ ಹಂಬಲವೆಂದು ತಳ್ಳಿಹಾಕಿದರು. ಅವರು ಯಂತ್ರ ಬೇಡವೆಂದವರಲ್ಲ; ಯಂತ್ರ ದುಡಿಯುವವನ ಅಳವಿನಲ್ಲಿರಲಿ ಎಂದವರು. ಗಡಿಯಾರದ ಮುಷ್ಕರವನ್ನು ಓದಿದ ಮೇಲೆ ಆ ಮಾತಿನ ತೂಕ ನಮಗೆ ಇನ್ನಷ್ಟು ತಿಳಿಯುತ್ತದೆ.

ಚಕಮಕಿಯ ಕಾಲ 1840ರ ಹೊತ್ತಿಗೆ ಮುಗಿಯುತ್ತ ಬಂತು. ಕಲ್ಲಿನ ಬದಲು ಸಿಡಿಮದ್ದಿನ ತಾಮ್ರದ ಟೊಪ್ಪಿ ಬಂತು. ಹಳ್ಳಿಯ ಕುಲುಮೆಗಳು ಕಾರ್ಖಾನೆಯ ನಳಿಗೆ ತರಿಸಿ ಜೋಡಿಸುವ ಅಂಗಡಿಗಳಾದವು. ಪೂರ್ತಿ ವಿದ್ಯೆ ಬಲ್ಲವರು ಉಳಿಯಲಿಲ್ಲ. 1960ರ ದಶಕದಲ್ಲಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗಿನಲ್ಲಿ ವ್ಯಾಲೇಸ್ ಗಸ್ಲರ್ ಎಂಬ ಕಸಬುದಾರರು ನಳಿಗೆ, ಬೀಗ, ಮರ ಮೂರನ್ನೂ ಹಳೆಯ ರೀತಿಯಲ್ಲೇ ಮಾಡಲು ಹೊರಟಾಗ, ಹೇಳಿಕೊಡುವ ಗುರುವಿನ ಸಾಲು ಕಡಿದುಹೋಗಿತ್ತು. ಹಳೆಯ ಬಂದೂಕುಗಳ ಮೇಲಿನ ಅರದ ಗೀರುಗಳನ್ನೂ ಉಳಿದ ಉಪಕರಣಗಳನ್ನೂ ನೋಡಿ, ನೂರಾರು ಗಂಟೆ ದುಡಿದು ಆ ವಿದ್ಯೆಯನ್ನು ಮತ್ತೆ ಹುಟ್ಟಿಸಬೇಕಾಯಿತು. 1969ರಲ್ಲಿ ಅದರ ಚಲನಚಿತ್ರವೂ ಆಯಿತು. ಆ ಹಳೆಯ ಊರನ್ನು ಜೀರ್ಣೋದ್ಧಾರ ಮಾಡಿಸಿದ್ದು ರಾಕ್‌ಫೆಲರನ ಹಣ! ಕೈಕಸಬನ್ನು ನುಂಗಿದ ಬಂಡವಾಳವೇ ಕೊನೆಗೆ ಅದಕ್ಕೆ ವಸ್ತುಸಂಗ್ರಹಾಲಯ ಕಟ್ಟಿಸುತ್ತದೆ.

ಮುಂದಿನ ಭಾನುವಾರ ಕೈಮಗ್ಗದ ವಿಷಯ. ಮನೆಯಲ್ಲಿ ತಂದೆ ತಾತಂದಿರ ಲಾಳಿ, ಅರ, ಉಳಿ, ಹಳೆಯ ತಕ್ಕಡಿ ಇರುವವರು ತನ್ನಿರಿ. ಅವುಗಳನ್ನು ಹಿಡಿದು ಕೆಲಸ ಮಾಡಬಲ್ಲ ಹಿರಿಯರು ಯಾರಾದರೂ ಇನ್ನೂ ಇದ್ದರೆ, ಅವರನ್ನೇ ಕರೆದುಕೊಂಡು ಬನ್ನಿರಿ. ಆ ದಿನ ಅವರು ಮಾತಾಡಲಿ, ನಾವು ಕೇಳುತ್ತೇವೆ.