ಹುಲ್ಲು ಕೊಯ್ಯುವ ಕಾಲ



ಪಟ್ಟಣವಾಸಿಗಳಾದ ನಮಗೆ ಹಾಲಿನ ಬೆಲೆ ತಿಳಿದಷ್ಟು ಹುಲ್ಲಿನ ಬೆಲೆ ತಿಳಿಯದು. ಹಿಂದೆ ಅತ್ತಿಕುಪ್ಪೆಯೆಂದು ಹೆಸರಾಗಿದ್ದ ಕೃಷ್ಣರಾಜಪೇಟೆಯ ಸೀಮೆಯಲ್ಲಿ, ಎರಡು ಮೂರು ಎಕರೆಯ ಒಕ್ಕಲುಮನೆಗಳವರು ಬದುವಿನ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು, ಒಣಗಿಸಿ, ಮೆದೆ ಒಟ್ಟುವ ಕೆಲಸವನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಸುಮಾರು 300 ಕಿಲೋ ತೂಗುವ ಒಂದು ರಾಸಿಗೆ ದಿನಕ್ಕೆ 7 ಕಿಲೋ ಒಣಮೇವಾದರೂ ಬೇಕು. ಜನವರಿಯಿಂದ ಮೇ ತಿಂಗಳವರೆಗೆ, ಬಯಲಿನಲ್ಲಿ ಹಸಿರು ಕಾಣದ 150 ದಿನಗಳಿಗೆ, ಒಂದು ಜೊತೆ ರಾಸುಗಳಿಗೆ ಎರಡು ಟನ್ನಿಗೂ ಮಿಗಿಲಾಯಿತು. ರಾಗಿಯ ಹುಲ್ಲು ಇದ್ದವನು ಭಾಗ್ಯವಂತ. ಬತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ. ಸಾರವು ಅದರಲ್ಲಿ ಕಡಿಮೆ. ಈ ಕೊರತೆಯನ್ನು ತುಂಬತಕ್ಕದ್ದು ಬದುವಿನ ಹುಲ್ಲು.

ಆದರೆ ಅದನ್ನು ಕೊಯ್ಯುವುದು ಯಾವಾಗ? ಹುಲ್ಲು ಹೂಬಿಡುವ ಸಮಯದಲ್ಲಿ ಸಾರವತ್ತಾಗಿರುತ್ತದೆ. ಬೀಜ ಬಲಿತ ಮೇಲೆ ಕಡ್ಡಿಯಾಗುತ್ತದೆ. ಈ ಸೀಮೆಯಲ್ಲಿ ಹುಲ್ಲು ಹದಕ್ಕೆ ಬರುವುದೂ ಚಿತ್ತೆ ಸ್ವಾತಿಗಳ ಮಳೆ ಹುಯ್ಯುವುದೂ ಒಂದೇ ಕಾಲದಲ್ಲಿ, ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ. ಇಂದು ಕೊಯ್ದರೆ ನಾಳೆ ಮಳೆ ಬಂದು ಕೊಳೆತೀತು. ಮಳೆ ಹೋಗಲೆಂದು ಕಾದರೆ ಹುಲ್ಲು ಬಲಿತು ದನವು ಮೂಸಿ ಬಿಟ್ಟೀತು. ಮೋಡವನ್ನು ನೋಡಿ ಒಕ್ಕಲಿಗನು ಮಾಡುವ ಈ ಒಂದು ತೀರ್ಮಾನದ ಮೇಲೆ ಮನೆಯ ದನಗಳ ಬೇಸಗೆಯೆಲ್ಲ ನಿಂತಿದೆ. ಮೇವು ಸಾಲದೆಂದು ಕಂಡವರು ಚಳಿಗಾಲ ಕಳೆಯುವುದರೊಳಗೆ ಒಂದು ರಾಸನ್ನು ಜಾತ್ರೆಗೆ ಹೊಡೆಯಬೇಕಾಗುತ್ತದೆ. ಹಾಗೆ ಮಾರುವವನಿಗೆ ಬೆಲೆಯನ್ನು ಹಿಡಿದು ನಿಲ್ಲುವ ಶಕ್ತಿ ಎಲ್ಲಿಯದು?

ಇಂಗ್ಲಿಷ್ ಓದಿದ ನಮ್ಮಂಥವರಿಗೆ ಹುಲ್ಲುಗೊಯ್ಲೆಂದರೆ ಟಾಲ್‌ಸ್ಟಾಯ್ ಬರೆದ ‘ಅನ್ನಾ ಕರೆನಿನಾ’ದ ಲೆವಿನ್ ನೆನಪಾಗುತ್ತಾನೆ. ಅವನು ರೈತರೊಡನೆ ಸಾಲಾಗಿ ನಿಂತು ಉದ್ದ ಹಿಡಿಯ ದೊಡ್ಡ ಕುಡುಗೋಲನ್ನು ಬೀಸುತ್ತಾನೆ. ಅಂಥ ಸಲಕರಣೆ ನಮ್ಮವರಿಗೂ ಬಂದರೆ ಬೆನ್ನು ಬಗ್ಗಿಸುವ ಕಷ್ಟ ತಪ್ಪೀತೆಂದು ಕೆಲವು ವಿದ್ಯಾವಂತರ ಮತ. ನಮಗೆ ಇದು ಒಪ್ಪಿಗೆಯಾಗದು. ಆ ಬೀಸಿಗೆ ಸಮನಾದ ವಿಶಾಲವಾದ ಹುಲ್ಲುಗಾವಲು ಬೇಕು. ನಮ್ಮದು ಮೊಳದಗಲದ ಬದು. ನಡುವೆ ಕಲ್ಲು, ಕಳ್ಳಿ, ಪಕ್ಕದಲ್ಲಿಯೇ ತೆನೆ ತುಂಬಿದ ರಾಗಿ. ಕಮ್ಮಾರನಲ್ಲಿ ಕಕ್ಕು ಹಾಕಿಸಿದ ಗೇಣುದ್ದದ ಕುಡುಗೋಲು ಇಲ್ಲಿ ಒಂದೊಂದೇ ಹಿಡಿಯನ್ನು ಆರಿಸಿ ಕೊಯ್ಯುತ್ತದೆ.

ಕೊಯ್ಯುವವರು ಬಹುಪಾಲು ಹೆಂಗಸರು. ಕುಕ್ಕುರುಗಾಲಿನಲ್ಲಿ ಕುಳಿತು, ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಸೆಳೆದು, ಸಂಜೆಗೆ ಹೊರೆಯನ್ನು ತಲೆಯ ಮೇಲಿಟ್ಟು ಮನೆಗೆ ಬರುತ್ತಾರೆ. ಹಾಲಿನ ಲೆಕ್ಕ ಬರೆಯುವಾಗ ಹಿಂಡಿ ಬೂಸಗಳಿಗೆ ಖರ್ಚು ಬೀಳುತ್ತದೆ. ಈ ಹೊರೆಗೆ ಕೂಲಿ ಬರೆದವರನ್ನು ನಾವು ಕಾಣೆವು.

ಈಚೆಗೆ ಬತ್ತದ ಗದ್ದೆಗಳಿಗೆ ಕೊಯ್ಲಿನ ಯಂತ್ರ ಬಂದಿದೆ. ಆಳು ಸಿಕ್ಕದ ಕಾಲದಲ್ಲಿ ಅದನ್ನು ದೂರುವುದು ಸಲ್ಲದು. ಆದರೆ ಅದು ಹುಲ್ಲನ್ನು ಮುರಿದು ಗದ್ದೆಯಲ್ಲೆಲ್ಲ ಚೆಲ್ಲಿಬಿಡುತ್ತದೆ. ಅದನ್ನು ಕೂಡಿಸಿ ಕಟ್ಟಲು ಮತ್ತೊಂದು ಯಂತ್ರ, ಮತ್ತೊಂದು ಬಾಡಿಗೆ. ಆದಕಾರಣ ಬದುವಿನ ಹುಲ್ಲಿಗೆ ಮೊದಲಿಗಿಂತ ಬೆಲೆ ಹೆಚ್ಚಿದೆ.

ಕೊಯ್ದ ಹುಲ್ಲನ್ನು ತೆಳುವಾಗಿ ಹರವಿ ತಿರುವಿಹಾಕಬೇಕು. ಹಿಡಿ ಹುಲ್ಲನ್ನು ತಿರುಚಿದರೆ ಕೈಗೆ ಪಸೆ ಹತ್ತಬಾರದು. ಹಸಿ ಉಳಿದಂತೆಯೇ ಒಟ್ಟಿದರೆ ಮೆದೆಯು ಒಳಗೇ ಕಾವೇರಿ ಬೂಷ್ಟು ಹಿಡಿಯುತ್ತದೆ. ಕಾವು ಮಿತಿಮೀರಿ ತಾನಾಗಿ ಬೆಂಕಿ ಹತ್ತುವುದೂ ಉಂಟು. ಗೆದ್ದಲು ಹತ್ತದಂತೆ ತಳಕ್ಕೆ ಕಲ್ಲು, ಅದರ ಮೇಲೆ ಕಟ್ಟಿಗೆ. ನೀರು ಜಾರುವಂತೆ ನೆತ್ತಿಗೆ ಇಳಿಜಾರು. ಬೇಸಗೆಯಲ್ಲಿ ಮೇವನ್ನು ನೆತ್ತಿಯಿಂದ ತೆಗೆಯದೆ ಒಂದೇ ಮಗ್ಗುಲಿನಿಂದ ಹಿರಿಯುತ್ತಾರೆ. ಯುಗಾದಿಯ ಮೇಲೆ ಬೀಳುವ ಮುಂಗಾರಿನ ಮೊದಲ ಹನಿಗಳು ಉಳಿದ ಮೆದೆಯೊಳಕ್ಕೆ ಇಳಿಯಬಾರದಲ್ಲವೆ?