ತಾವರೆ ಹೊಂಡ: ನೀರಿನ ಹದ ತಿಳಿದು ನಡೆಯಿರಿ
(ಭಾಷಣದ ಪಾಠ)



ವರಮಹಾಲಕ್ಷ್ಮಿ ಹಬ್ಬಕ್ಕೂ ದೀಪಾವಳಿಯ ಲಕ್ಷ್ಮೀಪೂಜೆಗೂ ತಾವರೆಗೆ ಬೇಡಿಕೆ ಇದ್ದೇ ಇದೆ. ಆದರೆ ಹುಬ್ಬಳ್ಳಿ-ಧಾರವಾಡದ ಸುತ್ತ ಹಿತ್ತಲಿನ ತೊಟ್ಟಿಯಲ್ಲೋ ತೋಟದ ಹೊಂಡದಲ್ಲೋ ತಾವರೆ, ನೈದಿಲೆ ಬೆಳೆಯುವವರನ್ನು ಎರಡು ತೊಂದರೆಗಳು ಕಾಡುತ್ತವೆ. ಒಂದು, ಎಳೆಯ ಎಲೆ ಹಳದಿಯಾಗುವುದು. ಇನ್ನೊಂದು, ನೀರು ಹಸಿರಾಗುವುದು. ಎರಡಕ್ಕೂ ಗೊಬ್ಬರ ಇಲ್ಲವೆ ಔಷಧ ಸುರಿಯಲು ಕೈ ಮುಂದಾಗುತ್ತದೆ. ಅದಕ್ಕೆ ಮೊದಲು ನೀರನ್ನು ಅರಿಯಬೇಕು.

ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಕೆಂಪು ಮಣ್ಣು; ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಸುಣ್ಣದ ಅಂಶವುಳ್ಳ ಎರೆ ಭೂಮಿ. ಎರೆ ಭೂಮಿಯ ಕೊಳವೆ ಬಾವಿಯ ನೀರು ಸಾಮಾನ್ಯವಾಗಿ ಗಡಸು. ಬೇಸಿಗೆಯಲ್ಲಿ ನೀರು ಆವಿಯಾಗಿ ಹೋಗುತ್ತದೆ, ಅದರ ಲವಣ ಹೋಗುವುದಿಲ್ಲ. 10 ಅಡಿ ಉದ್ದ, 10 ಅಡಿ ಅಗಲ, 3 ಅಡಿ ಆಳದ ತೊಟ್ಟಿ ಸುಮಾರು 8,500 ಲೀಟರ್ ಹಿಡಿಯುತ್ತದೆ. ಲೀಟರಿಗೆ 1 ಗ್ರಾಂ ಲವಣವಿರುವ ನೀರನ್ನು 1,000 ಲೀಟರ್ ಮರುತುಂಬಿದರೆ 1 ಕಿಲೋ ಲವಣ ಸೇರಿದಂತಾಯಿತು. ಆದ್ದರಿಂದ ಬರೀ ಮೇಲೆ ತುಂಬುತ್ತ ಹೋಗದೆ, ಆಗಾಗ ಐದನೆಯ ಒಂದು ಭಾಗ ನೀರನ್ನು ಹೊರಹಾಕಿ ಹೊಸ ನೀರು ಕೊಡಬೇಕು. ಮಳೆಗಾಲದಲ್ಲಿ ಮಾಳಿಗೆಯ ಮೊದಲ ಮಳೆಯ ನೀರನ್ನು ಬಿಟ್ಟು, ನಂತರದ್ದನ್ನು ಹೊಂಡಕ್ಕೆ ತಿರುಗಿಸಿದರೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಈಗ ಹಳದಿ ಎಲೆ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯ ಗುರುತು. ಕೆಸರಿನಲ್ಲಿ ಕಬ್ಬಿಣ ಇದ್ದರೂ ರಸಸಾರ ಹೆಚ್ಚಾದಾಗ ಅದು ಬೇರಿಗೆ ದಕ್ಕುವುದಿಲ್ಲ. ಅನ್ನಭೇದಿಯನ್ನು ನೀರಿಗೆ ಎರಚಿದರೆ ತುಕ್ಕಾಗಿ ತಳ ಸೇರುತ್ತದೆ. ಸಿಂಪಡಿಸೋಣವೆಂದರೆ ತಾವರೆ ಎಲೆಯ ಮೇಲೆ ನೀರು ನಿಲ್ಲದೆಂಬುದು ಎಲ್ಲರಿಗೂ ಗೊತ್ತು! ಮಳೆನೀರು ಬೆರೆಸಿ ರಸಸಾರ ಇಳಿಸುವುದೇ ಸರಿಯಾದ ದಾರಿ. ರಸಸಾರ 6.5ರಿಂದ 8ರೊಳಗೆ ಇದ್ದರೆ ಒಳ್ಳೆಯದು. ಬಿಸಿಲಿನಲ್ಲಿ ಗಿಡ, ಪಾಚಿಗಳು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ಸಂಜೆ ರಸಸಾರ ಏರುತ್ತದೆ, ರಾತ್ರಿ ಇಳಿಯುತ್ತದೆ. ಸಂಜೆಯ ಒಂದೇ ಅಳತೆ ನೋಡಿ ಆಮ್ಲ ಸುರಿಯಬಾರದು, ಬೆಳಿಗ್ಗೆಯೂ ಅಳೆಯಬೇಕು.

ಹಸಿರು ನೀರಿಗೆ ಕಾರಣ ಸಾರಜನಕ, ರಂಜಕಗಳ ಅತಿರೇಕ. ಚರಂಡಿ ನೀರು ಸೇರಿದ ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಅಂತರಗಂಗೆ ಹಬ್ಬಿದ್ದನ್ನು ಊರೇ ಕಂಡಿದೆ. ಹೊಂಡಕ್ಕೆ ಯೂರಿಯಾ, ಡಿಎಪಿ ಎರಚುವವರು ಅದನ್ನೇ ಸಣ್ಣ ಪ್ರಮಾಣದಲ್ಲಿ ಮಾಡಿದಂತೆ. ಗೊಬ್ಬರವನ್ನು ಮಣ್ಣಿನ ಉಂಡೆಯಲ್ಲಿಟ್ಟು ಬೇರಿನ ಬಳಿ ಕೆಸರಿನಲ್ಲಿ ಹೂಳಬೇಕು. ಹಸಿ ಸಗಣಿ ಬೇಡ. ನೀರಿನ ಮೇಲ್ಮೈಯ ಅರ್ಧದಷ್ಟನ್ನು ಎಲೆಗಳು ಮುಚ್ಚಿದರೆ ಬಿಸಿಲು ತಗ್ಗಿ ಪಾಚಿ ತಾನಾಗಿ ಹಿಂಜರಿಯುತ್ತದೆ. ಮೈಲುತುತ್ತ ಹಾಕಿ ಪಾಚಿಯನ್ನು ಒಮ್ಮೆಲೇ ಕೊಂದರೆ, ಅದು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಬೆಳಗಾಗುವಷ್ಟರಲ್ಲಿ ಮೀನು ಸತ್ತು ತೇಲಬಹುದು. ತುತ್ತವೂ ಮೀನಿಗೆ ವಿಷವೇ.

ಹೊಸ ಸಿಮೆಂಟ್ ತೊಟ್ಟಿ ಸುಣ್ಣ ಬಿಡುತ್ತದೆ. ನೀರು ತುಂಬಿ, ಕೆಲವು ದಿನ ಬಿಟ್ಟು ಖಾಲಿ ಮಾಡುವುದನ್ನು ಮೂರು ನಾಲ್ಕು ಸಲ ಮಾಡಿದ ಮೇಲೆಯೇ ಗಡ್ಡೆ ನೆಡಬೇಕು. ನಳದ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಬೇಕು.

ಕೊನೆಯದಾಗಿ, ಸ್ವಚ್ಛ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ತುಂಬ ತುಂಬಿ, ಹತ್ತಿರದ ಮಣ್ಣು-ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಒಯ್ಯಿರಿ. ಕೊಳವೆ ಬಾವಿಯ ನೀರಿನದೊಂದು, ಹೊಂಡದ್ದೊಂದು, ಹೀಗೆ ಎರಡು ಮಾದರಿ ಇರಲಿ. ಎರಡರ ಅಂತರವೇ ಹೊಂಡದಲ್ಲಿ ಎಷ್ಟು ಲವಣ ಕೂಡಿದೆ ಎಂದು ಹೇಳುತ್ತದೆ. ಅದನ್ನು ತಿಳಿದ ಮೇಲೆಯೇ ಏನನ್ನಾದರೂ ಹಾಕುವ ಮಾತು.