ಬಿಟ್ಟ ಮೀನು ಬದುಕಬೇಕು



ರೋಹಿಣಿ ಮಳೆ ಹೋಗಿ ಮೃಗಶಿರಾ ಕೂಡಿತೆಂದರೆ ನಮಗೆ ಕೆಲಸದಿಂದ ಬಿಡುವಿಲ್ಲ. ಅಟ್ಟದ ಮೇಲಿನ ಕೂರಿಗೆ ಕೆಳಗಿಳಿಯುತ್ತದೆ. ಸಜ್ಜೆ, ತೊಗರಿ ಬಿತ್ತನೆಯ ಗಂಟು ಬಿಚ್ಚುತ್ತೇವೆ. ಬೇಸಿಗೆಯಲ್ಲಿ ಮನೆಯ ಹಿಟ್ಟು ತೀರಿದಾಗಲೂ ಆ ಗಂಟಿಗೆ ನಾವು ಕೈ ಹಾಕಿರುವುದಿಲ್ಲ. ನೆರೆಮನೆಯಿಂದ ಕಡ ತಂದು ರೊಟ್ಟಿ ಬಡಿದೇವು. ಬಿತ್ತನೆ ಬೀಜ ಬೀಸಿ ತಿನ್ನುವುದಿಲ್ಲ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಅದೇ ದಿನಗಳಲ್ಲಿ ಹೊಳೆಯ ಬಿತ್ತನೆ ಬೀಜವನ್ನು ನಾವು ಹಿಂದುಮುಂದು ನೋಡದೆ ತಿಂದುಬಿಡುತ್ತೇವೆ. ಅದು ಹೇಗೆ ಅಂತೀರಾ? ಮುಂಗಾರಿನ ಕೆಂಪು ನೀರು ಬಂದಾಗ ಮೀನುಗಳು ತತ್ತಿ ತುಂಬಿಕೊಂಡು ದಂಡೆಯ ತೆಳು ನೀರಿಗೆ, ಹಳ್ಳದ ಬಾಯಿಗೆ ಏರಿ ಬರುತ್ತವೆ. ಹೊಟ್ಟೆ ಭಾರವಾಗಿ, ಬೇಗ ಸಿಕ್ಕುತ್ತವೆ. ನಾವೂ ಆಗಲೇ ಬಲೆ, ಗಾಳ ಹಿಡಿದು ಹೊರಡುತ್ತೇವೆ. ನೆರೆಯ ತೆಲಂಗಾಣದ ಕಡೆ ಮೃಗಶಿರಾ ಕಾರ್ತಿಯ ದಿನ ಮೀನು ತಿನ್ನುವ ರೂಢಿಯೇ ಇದೆ. ಒಂದು ರೋಹು ಮೀನಿನಲ್ಲಿ ಪ್ರತಿ ಕಿಲೊ ತೂಕಕ್ಕೆ ಸುಮಾರು 2 ಲಕ್ಷ ತತ್ತಿ ಇರುತ್ತವೆ. ಅವುಗಳಲ್ಲಿ ಬದುಕಿ ದೊಡ್ಡವಾಗುವವು ಕೆಲವೇ ಕೆಲವು. ಆ ಕೆಲವೇ ಮುಂದಿನ ವರ್ಷದ ಬೆಳೆ.

ನಮ್ಮದು ಎರಡು ಹೊಳೆಗಳ ನಡುವಿನ ನೆಲ. ಬಡಗಲಿಗೆ ಕೃಷ್ಣೆ, ದೇವದುರ್ಗ ತಾಲೂಕಿನಲ್ಲಿ ಕೊಪ್ಪರ, ಗೂಗಲ್‌ಗಳ ಮಗ್ಗುಲಲ್ಲಿ ಹರಿಯುತ್ತಾಳೆ. ತೆಂಕಲಿಗೆ ತುಂಗಭದ್ರೆ, ಮಾನವಿ ತಾಲೂಕಿನ ಚೀಕಲಪರವಿ, ರಾಜೋಳಿಬಂಡೆಯ ಕಡೆ ಹರಿಯುತ್ತಾಳೆ. 1953ರಲ್ಲಿ ತುಂಗಭದ್ರೆಗೆ, 1982ರಲ್ಲಿ ನಾರಾಯಣಪುರದ ಬಳಿ ಕೃಷ್ಣೆಗೆ ಆಣೆಕಟ್ಟು ಬಂದವು. ಅದರಿಂದ ನಮ್ಮ ಹೊಲಗಳು ಹಸಿರಾದವು, ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಮೀನು ಗೋಡೆ ಹತ್ತಲಾರದು. ಮೇಲಕ್ಕೆ ಏರಿ ತತ್ತಿ ಇಡುವ ಜಾಗಗಳು ಅದಕ್ಕೆ ಕಡಿಮೆಯಾದವು. ಉಳಿದಿರುವ ಜಾಗಗಳಲ್ಲಿಯೂ ನಾವು ದಾರಿ ಕಾಯ್ದು ಹಿಡಿದರೆ ಹೊಳೆ ಬರಿದಾಗದೆ ಇನ್ನೇನು?

"ಕೆರೆಗೆ ಮರಿ ತಂದು ಬಿಡ್ತೀವಲ್ಲ?" ಎಂದು ನೀವು ಕೇಳಬಹುದು. ನಿಜ. ಕಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒರಿಸ್ಸಾದಲ್ಲಿ ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿ ಮೀನಿನ ಮಿದುಳ ಬಳಿಯ ಗ್ರಂಥಿಯ ರಸವನ್ನು ಸೂಜಿಯಿಂದ ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ತತ್ತಿ ಇಡಿಸಿ ತೋರಿಸಿದರು. ಇಂದು ಕೆರೆಗೆ ಮರಿ ಸಿಗುವುದು ಆ ವಿದ್ಯೆಯಿಂದಲೇ. ಆದರೆ ಹೊಳೆಯ ಎಷ್ಟೋ ಜಾತಿಗಳ ಮರಿ ಕೊಳ್ಳಲು ಸಿಗುವುದಿಲ್ಲ. ಹೊಳೆಗೆ ಹೊಳೆಯೇ ಬೀಜ ಹಾಕಿಕೊಳ್ಳಬೇಕು.

ಹಾಗಾದರೆ ತತ್ತಿ ತುಂಬಿದ ಮೀನನ್ನೂ ಗೇಣುದ್ದ ಇಲ್ಲದ ಮರಿಯನ್ನೂ ಬಿಟ್ಟುಬಿಡೋಣ. ಇಷ್ಟು ಹೇಳಿದರೆ ಮಾತು ಮುಗಿಯಲಿಲ್ಲ. ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ, ಕೇಳಿರಿ.

ಒಂದು ವರ್ಷ ತುಂಗಭದ್ರೆಯ ದಂಡೆಯಲ್ಲಿ ನನ್ನ ಗಾಳಕ್ಕೆ ದೊಡ್ಡ ಮೀನು ಬಿತ್ತು. ಹೊಟ್ಟೆ ಉಬ್ಬಿ ಮೆತ್ತಗಿತ್ತು, ತತ್ತಿಯ ಮೀನೆಂದು ನೋಡಿದೊಡನೆ ತಿಳಿಯಿತು. ಬಿಡಬೇಕೆಂದು ಮನಸ್ಸು ಮಾಡಿದೆ. ಬಿಡುವ ಮೊದಲು ಕಾದ ಬಂಡೆಯ ಮೇಲಿಟ್ಟೆ. ಜಾರುತ್ತದೆಂದು ವಲ್ಲಿಯಿಂದ ಒರೆಸಿ ಹಿಡಿದೆ. ಗೆಳೆಯರನ್ನು ಕೂಗಿ ಕರೆದೆ. ತೂಕ ಎಷ್ಟೆಂದು ಕಿವಿರಿಗೆ ಬೆರಳು ಹಾಕಿ ಎತ್ತಿ ತೋರಿಸಿದೆ. ಆಮೇಲೆ ದೊಡ್ಡ ಪುಣ್ಯ ಕಟ್ಟಿಕೊಂಡವನಂತೆ ದಂಡೆಯ ಮೇಲಿಂದ ಬೀಸಿ ನೀರಿಗೆ ಎಸೆದೆ. ಮರುದಿನ ಮುಂಜಾನೆ ಅದು ಸ್ವಲ್ಪ ಕೆಳಗೆ ಜೇಕಿನ ಹುಲ್ಲಿಗೆ ಸಿಕ್ಕಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಹರಗೋಲು ಹಾಕುವ ಅಂಬಿಗರ ಅಜ್ಜ ಅದನ್ನು ನೋಡಿ ಹೇಳಿದ: "ತಮ್ಮಾ, ನೀ ಬಿಟ್ಟಿದ್ದು ಮೀನಲ್ಲ, ಹೆಣ. ಉಂಡಿದ್ರ ನಾಕು ಮಂದೀದರ ಹೊಟ್ಟಿ ತುಂಬತಿತ್ತು." ನನಗೆ ಮಾತೇ ಹೊರಡಲಿಲ್ಲ. ಬಿಡುವ ಮನಸ್ಸು ಇದ್ದರೆ ಸಾಲದು, ಬಿಡುವ ಬಗೆ ತಿಳಿದಿರಬೇಕು. ಅದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಕೈ ಒದ್ದೆ ಇರಲಿ. ಮೀನಿನ ಮೈಮೇಲಿನ ಲೋಳೆ ಕೊಳೆಯಲ್ಲ. ಅದು ಅದರ ರಕ್ಷೆ. ಒಣಗಿದ ಕೈ, ಬಟ್ಟೆ, ಮರಳು ತಗುಲಿದರೆ ಲೋಳೆ ಕಿತ್ತುಬರುತ್ತದೆ. ಆ ಜಾಗಕ್ಕೆ ಬೂಷ್ಟು ಹತ್ತಿ, ಬಿಟ್ಟ ಮೀನು ಕೆಲವು ದಿನಗಳಲ್ಲಿ ಸಾಯುತ್ತದೆ. ನಮ್ಮ ರಾಯಚೂರಿನ ಬಿಸಿಲಿಗೆ ಕಾದ ಬಂಡೆ ರೊಟ್ಟಿಯ ಹೆಂಚು ಇದ್ದಂತೆ, ಅದರ ಮೇಲೆ ಇಡಲೇಬಾರದು.

ಎರಡನೆಯದು, ಬೇಗ ಮುಗಿಸಿರಿ. ಮೀನನ್ನು ನೀರಿನಿಂದ ಎತ್ತಿದಾಗ ನೀವೂ ಉಸಿರು ಬಿಗಿಹಿಡಿಯಿರಿ. ನಿಮಗೆ ಉಸಿರು ಕಟ್ಟುವಷ್ಟರಲ್ಲಿ ಅದು ಮತ್ತೆ ನೀರಿನಲ್ಲಿರಬೇಕು. ಆದಷ್ಟು ಮಟ್ಟಿಗೆ ನೀರಿನೊಳಗೇ ಇಟ್ಟು ಗಾಳ ಬಿಡಿಸುವುದು ಇನ್ನೂ ಮೇಲು.

ಮೂರನೆಯದು, ಕಿವಿರು ಮುಟ್ಟಬೇಡಿರಿ. ನಮಗೆ ಪುಪ್ಪುಸ ಹೇಗೋ ಮೀನಿಗೆ ಕಿವಿರು ಹಾಗೆ. ಬಾಲ ಹಿಡಿದು ತೂಗಾಡಿಸಬೇಡಿರಿ. ಒಂದು ಕೈ ಹೊಟ್ಟೆಯ ಕೆಳಗೆ, ಒಂದು ಕೈ ಬಾಲದ ಬುಡಕ್ಕೆ. ಹಸುಗೂಸನ್ನು ಎತ್ತಿದಂತೆ ಅಡ್ಡಲಾಗಿ ಹಿಡಿಯಿರಿ. ತತ್ತಿ ಇದೆಯೇ ಎಂದು ಹೊಟ್ಟೆ ಹಿಸುಕಿ ನೋಡುವುದಂತೂ ಕೂಡದು.

ನಾಲ್ಕನೆಯದು ಗಾಳದ ಮಾತು. ಗಾಳದ ಮೊನೆಯಲ್ಲಿರುವ ಎದುರು ಮುಳ್ಳನ್ನು ಮನೆಯಲ್ಲಿಯೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿರಿ. ದಾರ ಸಡಿಲ ಬಿಡದಿದ್ದರೆ ಮೀನು ಅಷ್ಟು ಸುಲಭವಾಗಿ ತಪ್ಪದು, ಬಿಡಿಸುವುದೂ ಹಗುರ. ಗಾಳ ಗಂಟಲೊಳಗೆ ಇಳಿದಿದ್ದರೆ ಜಗ್ಗಬೇಡಿರಿ. ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಟ್ಟುಬಿಡಿರಿ. ಜಗ್ಗಿದ ಮೀನಿಗಿಂತ ಹೀಗೆ ಬಿಟ್ಟ ಮೀನು ಬದುಕುವ ಸಂಭವ ಹೆಚ್ಚು.

ಐದನೆಯದು, ಎಸೆಯಬೇಡಿರಿ. ಹರಿವಿಗೆ ಮುಖ ಮಾಡಿ ನೀರಿನಲ್ಲಿ ಹಿಡಿದುಕೊಳ್ಳಿರಿ. ನೀರು ಬಾಯಿಂದ ಹೋಗಿ ಕಿವಿರಿನಿಂದ ಹೊರಬರಲಿ. ದಣಿವಾರಿದ ಮೀನು ತಾನೇ ಬಾಲ ಬಡಿದು ಕೈಯಿಂದ ಜಾರಿಹೋಗುತ್ತದೆ. ಆ ಜಾರುವಿಕೆ ಕೈಗೆ ತಿಳಿದಾಗ ಆಗುವ ಸಂತೋಷವೇ ಬೇರೆ.

ಬಿಸಿಲಿಗೆ ಕಾದ ನೀರಿನಲ್ಲಿ ಪ್ರಾಣವಾಯು ಕಡಿಮೆ ಕರಗುತ್ತದೆ. ಆಗ ಹಿಡಿದ ಮೀನು ಬಿಟ್ಟರೂ ಉಳಿಯುವುದು ಕಷ್ಟ. ತಂಪು ಹೊತ್ತು ಒಳ್ಳೆಯದು. ಆದರೆ ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂಬುದು ನೆನಪಿರಲಿ. ನಸುಕಿನಲ್ಲಿ, ಕತ್ತಲಾದ ಮೇಲೆ ಒಬ್ಬರೇ ನೀರಿಗೆ ಇಳಿಯಬಾರದು.

ಕೊರಮೀನಿನ ವಿಷಯ ಬೇರೆಯಾಗಿ ಹೇಳಬೇಕು. ಕೆರೆ, ಕಾಲುವೆಯ ದಂಡೆಯಲ್ಲಿ ಕೆಂಪಗಿನ ಸಣ್ಣ ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಆಡುವುದನ್ನು ನೋಡಿರುತ್ತೀರಿ. ಅದರ ಕೆಳಗೇ ತಾಯಿ ತಂದೆ ಕಾವಲಿರುತ್ತವೆ. ಹತ್ತಿರ ಬಂದುದರ ಮೇಲೆಲ್ಲ ಎರಗುತ್ತವೆ, ಅದಕ್ಕೇ ಗಾಳಕ್ಕೆ ಥಟ್ಟನೆ ಬೀಳುತ್ತವೆ. ಕಾವಲಿದ್ದದ್ದನ್ನು ಹಿಡಿದರೆ ಮರಿಗಳೆಲ್ಲ ಉಳಿದ ಮೀನುಗಳ ಬಾಯಿಗೆ. ಆದ್ದರಿಂದ ಮರಿಗುಂಪು ಕಂಡಲ್ಲಿ ಗಾಳವನ್ನೇ ಹಾಕಬೇಡಿರಿ.

ನಿಮ್ಮ ಕೈಯನ್ನೂ ಕಾಯ್ದುಕೊಳ್ಳಿರಿ. ಚೇಳುಮೀನಿನ ಪಕ್ಕದ ಮುಳ್ಳಿನಲ್ಲಿ ವಿಷವಿದೆ. ಗಿರ್ಲು ಮೀನಿನ ಮುಳ್ಳೂ ಆಳಕ್ಕೆ ನೆಡುತ್ತದೆ. ಚುಚ್ಚಿದರೆ ಗಾಯ ತೊಳೆದು, ತಾಳಿಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಕೈ ಅದ್ದಿರಿ, ಉರಿ ಇಳಿಯುತ್ತದೆ. ಸುಡು ನೀರು ಬೇಡ. ಮುಳ್ಳು ಒಳಗೆ ಮುರಿದಿದ್ದರೆ, ಬಾವು ಏರಿದರೆ ಡಾಕ್ಟರರಲ್ಲಿಗೆ ಹೋಗಲೇಬೇಕು.

ಇನ್ನು ಮಾನವಿಯ ಕಾಲುವೆಯ ರೈತರಿಗೆ ಒಂದು ಮಾತು. ಬೇಸಿಗೆಯಲ್ಲಿ ಎಡದಂಡೆ ಕಾಲುವೆಗೆ ನೀರು ನಿಂತಾಗ ಗುಂಡಿಗಳಲ್ಲಿ ಮೀನು ಉಳಿದುಬಿಡುತ್ತವೆ. ದೊಡ್ಡವನ್ನು ಊಟಕ್ಕೆ ತಂದುಕೊಳ್ಳಿರಿ, ಬೇಡವೆನ್ನುವುದಿಲ್ಲ. ಮರಿಗಳನ್ನು ಮಾತ್ರ ಅದೇ ಗುಂಡಿಯ ನೀರು ತುಂಬಿದ ಕೊಡದಲ್ಲಿ, ಕಿಕ್ಕಿರಿಯದಂತೆ, ಮುಂಜಾನೆಯೇ ಒಯ್ದು ಹೊಳೆಗೆ ಬಿಡಿರಿ. ಸುರಿಯುವ ಮುಂಚೆ ಹೊಳೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕೊಡಕ್ಕೆ ಬೆರೆಸಿ, ಬಿಸಿ ತಂಪು ಹೊಂದಿಕೊಳ್ಳಲಿ. ಆದರೆ ಆಫ್ರಿಕಾದ ಕ್ಯಾಟ್‌ಫಿಶ್ ಸಿಕ್ಕರೆ ಯಾವ ನೀರಿಗೂ ಬಿಡಬೇಡಿರಿ. ಅದು ನಮ್ಮ ನಾಡ ಮೀನುಗಳನ್ನೇ ನುಂಗುತ್ತದೆ. ಅದನ್ನು ಸಾಕುವುದಕ್ಕೂ ನಮ್ಮ ದೇಶದಲ್ಲಿ ನಿಷೇಧವಿದೆ.

ಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯುವುದನ್ನು 1897ರ ಕಾಯಿದೆಯೇ ಅಪರಾಧವೆಂದಿತು. ಅದರಲ್ಲಿ ಬಿಡುವ ಮಾತೇ ಇಲ್ಲ. ತಾಯಿ, ಮರಿ, ತತ್ತಿ ಎಲ್ಲಾ ಒಂದೇ ಸಲಕ್ಕೆ ಸಾಯುತ್ತವೆ. ನಮ್ಮ ಕರಾವಳಿಯನ್ನು ನೋಡಿರಿ. ಮಂಗಳೂರು, ಮಲ್ಪೆ, ಕಾರವಾರದ ಯಂತ್ರದ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯುವುದಿಲ್ಲ. ಮೀನನ್ನೇ ನಂಬಿದವರು ಎರಡು ತಿಂಗಳು ಕೈಕಟ್ಟಿ ಕೂರುತ್ತಾರೆಂದರೆ, ಹೊಲವಿರುವ ನಾವು ಒಂದು ಮೀನು ಬಿಟ್ಟರೆ ಏನು ಕಡಿಮೆಯಾದೀತು? ನಮ್ಮ ಹೊಳೆಯನ್ನೇ ನಂಬಿದ ಬೆಸ್ತರ, ಅಂಬಿಗರ ಮನೆಗಳ ಅನ್ನವೂ ಅದರಲ್ಲಿದೆ.

ಈ ಮುಂಗಾರಿಗೆ ಹೊಳೆಯ ಕಡೆ ಹೋದಾಗ ಮಕ್ಕಳನ್ನೂ ಕರೆದೊಯ್ಯಿರಿ. ಹಿಡಿಯುವುದನ್ನು ಅವರು ತಾವೇ ಕಲಿಯುತ್ತಾರೆ. ಕೈ ಒದ್ದೆ ಮಾಡಿಕೊಂಡು ಬಿಡುವುದನ್ನು ನಾವು ಕಲಿಸೋಣ.